ತಮ್ಮ ಗೇರ್‌ಬಾಕ್ಸನ್ನೇ ಪಾಠಕ್ಕಿಟ್ಟ ಜಯರಾಮಯ್ಯನವರು

ಹೊಸೂರು ಸೀಮೆಯಲ್ಲಿ ಗೇರು ಎಂಬ ಮಾತು ಕಿವಿಗೆ ಬಿದ್ದರೆ ಗೋಡಂಬಿಯನ್ನು ನೆನೆಯುವವರು ಕೆಲವರು, ಶ್ರೀ ಜಯರಾಮಯ್ಯನವರನ್ನು ನೆನೆಯುವವರು ಹಲವರು. ಇಲ್ಲಿನ ತರಬೇತಿ ಕೇಂದ್ರದ ಮೋಟಾರು ವಾಹನ ವಿಭಾಗದಲ್ಲಿ ಪಾಠ ಹೇಳಿ, ಈ ಎರಡು ಸಾವಿರದ ಎಂಟನೆಯ ಇಸವಿಯಲ್ಲಿ ನಿವೃತ್ತರಾಗುತ್ತಿರುವ ಅವರ ಕೈಯಲ್ಲಿ ಪಳಗಿದವರಿಲ್ಲದ ಕಾರ್ಖಾನೆ ಈ ಭಾಗದಲ್ಲಿ ವಿರಳ; ಪಳಗಿದವರಲ್ಲಿ ಅವರ ಕಾರನ್ನು ತಳ್ಳದವರು ಇನ್ನೂ ವಿರಳ.

ಮದ್ದೂರಿನ ಕಡೆಯಿಂದ ತರುಣರಾಗಿ ಬಂದ ಜಯರಾಮಯ್ಯನವರಿಗೆ ಕೇಂದ್ರ ಒದಗಿಸಿದ್ದು, ಅರ್ಧಕ್ಕೆ ಕತ್ತರಿಸಿ ಕೆಂಪು ಹಸಿರು ಬಣ್ಣ ಬಳಿದ ಒಂದು ಗೇರ್‌ಬಾಕ್ಸ್. ಅದು ನೋಡಲು ಚೆಂದ, ತಿರುಗಲು ಬಾರದು. ತಿರುಗದ ಗೇರಿನಿಂದ ಪಾಠವೂ ಮುಂದೆ ಹೋಗದೆಂದು ಮನಗಂಡ ಅವರು, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್ ಲಿವರ್ ಇರುವ ಕಾಲದ ತಮ್ಮ ಸ್ವಂತ ಬಿಳಿ ಕಾರನ್ನು ವರ್ಷಕ್ಕೊಮ್ಮೆ ಜಾಕಿಗೆ ಏರಿಸಿ, ವಿದ್ಯಾರ್ಥಿಗಳ ಕೈಗೆ ಸ್ಪ್ಯಾನರ್ ಕೊಟ್ಟು ಪಕ್ಕಕ್ಕೆ ನಿಲ್ಲತೊಡಗಿದರು. ಮಕ್ಕಳು ಕಪ್ಪಾದ ಎಣ್ಣೆ ಇಳಿಸಿ, ಹಲ್ಲುಗಳ ಸವೆತ ನೋಡಿ, ಬೇರಿಂಗ್ ತೊಳೆದು, ಮತ್ತೆ ಜೋಡಿಸಿ ಹೊಸ ಎಣ್ಣೆ ತುಂಬುತ್ತಿದ್ದರು. ಎಲ್ಲ ಮುಗಿದ ಮೇಲೂ ಬಟ್ಟಲಲ್ಲಿ ಎರಡು ವಾಷರ್ ಉಳಿದಿದ್ದರೆ ಜಯರಾಮಯ್ಯನವರು ಗದರುತ್ತಿರಲಿಲ್ಲ. "ಎಲ್ಲೀದು ಅಂತ ಕಾರೇ ಹೇಳುತ್ತೆ ಬಿಡ್ರಪ್ಪ" ಎನ್ನುತ್ತಿದ್ದರು. ಕಾರು ವರ್ಷವಿಡೀ ಹೇಳುತ್ತಿತ್ತು, ಊರಿಗೆಲ್ಲ ಕೇಳುವಂತೆ. ಅವರ ಧರ್ಮಪತ್ನಿ ಚಿಕ್ಕತಾಯಮ್ಮನವರು ಬಸ್ಸಿನಲ್ಲಿ ಓಡಾಡುತ್ತಿದ್ದರು.

ಎರಡು ಸಾವಿರದ ಒಂದರಲ್ಲಿ ವಿಭಾಗದ ಏಕೈಕ ಹುಡುಗಿಯಾಗಿದ್ದವಳು ಮುನಿಲಕ್ಷ್ಮಿ, ಅಂಚೆಟ್ಟಿ ಬಳಿಯ ಹಳ್ಳಿಯವಳು. ದೀಪಾವಳಿಗೆಂದು ಊರಿಗೆ ಹೋದವಳನ್ನು ತಂದೆ ಆವುಲಪ್ಪ ಮರಳಿ ಕಳಿಸಲಿಲ್ಲ. ಹೆಣ್ಣುಮಗು ಮೈಗೆ ಗ್ರೀಸು ಬಳಿದುಕೊಂಡು ಕಲಿಯುವಂಥದ್ದೇನಿದೆ ಎಂಬುದು ಅವನ ವಾದ. ಸೋಮವಾರದಿಂದ ಪರೀಕ್ಷೆ, ತಪ್ಪಿಸಿಕೊಂಡರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು. ಭಾನುವಾರ ಬೆಳಿಗ್ಗೆ ಜಯರಾಮಯ್ಯನವರು ಅದೇ ಕಾರಿನಲ್ಲಿ ಡೆಂಕಣಿಕೋಟೆ ದಾಟಿ, ಘಾಟಿ ಇಳಿದು, ಅವಳ ಮನೆಯಂಗಳದಲ್ಲಿ ನಿಂತರು.

ಆವುಲಪ್ಪ ಮಜ್ಜಿಗೆ ಕೊಟ್ಟ, ಮಾತು ಕೊಡಲಿಲ್ಲ. ಮನೆಬಾಗಿಲಿಗೆ ಬಂದ ಮೇಷ್ಟರಿಗೆ ನೇರವಾಗಿ ಇಲ್ಲವೆನ್ನಲೂ ಅವನಿಗೆ ಬಾಯಿ ಬರಲಿಲ್ಲ. ಕಾರನ್ನೊಮ್ಮೆ ಸುತ್ತಿ ಬಂದು ಹೇಳಿದ, "ಇದು ಇಳಿಯೋವಾಗ್ಲೇ ಊರೋರೆಲ್ಲ ಎದ್ದು ಕುಂತ್ರು ಮೇಷ್ಟ್ರೇ. ನಾನೂ ಜತೇಲಿ ಬತ್ತೀನಿ. ಇದು ಘಾಟಿ ಹತ್ತಿದ್ರೆ ಮಗಳು ನಿಮ್ಮ ಜತೆ ಹೊಸೂರಿಗೆ, ಇಲ್ಲಾಂದ್ರೆ ನನ್ನ ಜತೆ ಮನೆಗೆ."

ಮುನಿಲಕ್ಷ್ಮಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಳು. ಘಾಟಿಯ ಕಡಿದಾದ ಒಂದು ತಿರುವಿನಲ್ಲಿ ಒಂದನೆಯ ಗೇರು ಖಟ್ಟನೆ ಹೊರಗೆ ಹಾರಿತು. ಮತ್ತೆ ಹಾಕಿದರು, ಮತ್ತೆ ಹಾರಿತು. ಲಿವರನ್ನು ಮೇಷ್ಟರೂ ಶಿಷ್ಯೆಯೂ ಸೇರಿ ಅದುಮಿ ಹಿಡಿದರೂ ನಿಲ್ಲಲಿಲ್ಲ. ಎರಡನೆಯ ಗೇರಿಗೆ ಆ ಏರು ಎಳೆಯುವ ಶಕ್ತಿಯಿರಲಿಲ್ಲ. ಆವುಲಪ್ಪ ಇಳಿದು ಚಕ್ರದ ಹಿಂದೆ ಕಲ್ಲು ಕೊಟ್ಟು, ಕೈ ಕೊಡವಿಕೊಂಡ.

"ಬಾಮ್ಮಾ, ಬ್ಯಾಗ್ ಎತ್ಕೊ. ಗೇರ್ ಮೇಷ್ಟ್ರ ಕಾರಿಗೇ ಗೇರ್ ನಿಲ್ಲಾಕಿಲ್ಲ. ಇವ್ರು ನಿಂಗೇನ್ ಕಲ್ಸಾರು?"

ಜಯರಾಮಯ್ಯನವರು ಕನ್ನಡಕ ಒರೆಸಿಕೊಂಡು, "ಹಳೇ ಕಾರು ಆವುಲಪ್ಪನವರೇ, ವಯಸ್ಸಾಯ್ತು" ಎಂದರಷ್ಟೆ.

ಆ ಗೇರ್‌ಬಾಕ್ಸನ್ನು ಕೊನೆಯ ಸಲ ಮುಚ್ಚಿದ್ದು ಮುನಿಲಕ್ಷ್ಮಿಯ ತಂಡ. ಗೇರನ್ನು ಬಿದ್ದಲ್ಲೇ ಹಿಡಿದಿಡುವ ಪುಟ್ಟ ಸ್ಪ್ರಿಂಗು ಕುಗ್ಗಿದ್ದಾಗ, ಹೊಸದು ಕೇಳುವ ಬದಲು ಹಳೆಯದನ್ನೇ ಎಳೆದು ಉದ್ದ ಮಾಡಿ ಹಾಕಿದ್ದವಳು ಅವಳೇ; ಪಕ್ಕದಲ್ಲಿ ನಿಂತಿದ್ದ ಸಾರ್ ನೋಡಿಯೂ ತಡೆದಿರಲಿಲ್ಲ. ಹೇಳಿದರೆ ಅಪ್ಪನ ವಾದ ಗೆದ್ದಂತೆ. ಹೇಳದಿದ್ದರೆ ಸಾರ್ ಸೋತಂತೆ.

"ಅಪ್ಪಾ, ಅದ್ರ ಸ್ಪ್ರಿಂಗ್ ಕೆಡ್ಸಿದ್ದು ನಾನು. ಸಾರ್‌ಗೂ ಗೊತ್ತು."

ಆವುಲಪ್ಪ ಮೇಷ್ಟರ ಕಡೆ ತಿರುಗಿದ. "ಗೊತ್ತಿದ್ದೂ ಇದನ್ನ ಓಡಿಸ್ಕೊಂಡು ಬಂದ್ರಾ?"

"ಮಾರ್ಕ್ಸ್ ಕೊಡಬೇಕಲ್ಲಪ್ಪ. ಓಡಿಸಿ ನೋಡ್ದೆ ಹೆಂಗೆ ಕೊಡ್ಲಿ?"

ಆವುಲಪ್ಪನಿಗೆ ನಗು ಬಂತು. ಆದರೂ ಬ್ಯಾಗಿಗೆ ಕೈ ಹಾಕಿದ. ಮುನಿಲಕ್ಷ್ಮಿ ಬಿಡಲಿಲ್ಲ.

"ಸಾರ್, ಎಲ್ಲಾದಕ್ಕಿಂತ ನಿಧಾನ ರಿವರ್ಸು, ಅದ್ಕೇ ಅದ್ರ ಎಳೆತ ಜಾಸ್ತಿ ಅಂತ ನೀವೇ ಹೇಳಿದ್ದು. ರಿವರ್ಸಲ್ಲಿ ಹತ್ಸೋಣ. ಅದ್ರ ಸ್ಪ್ರಿಂಗ್ ನಾನ್ ಮುಟ್ಟಿಲ್ಲ, ಚೆನ್ನಾಗಿರುತ್ತೆ."

ಜಯರಾಮಯ್ಯನವರು ಶಿಷ್ಯೆಯನ್ನು ದಿಟ್ಟಿಸಿದರು. ಆ ಪಾಠವನ್ನು ಪ್ರತಿವರ್ಷ ಹೇಳಿದ್ದ ಅವರು ಒಮ್ಮೆಯೂ ಅದನ್ನು ಘಾಟಿಗೆ ತಂದು ನೋಡಿರಲಿಲ್ಲ.

ತಿರುವಿನ ಅಗಲದಲ್ಲಿ ಮೂವರೂ ಸೇರಿ ಕಾರಿನ ಮುಖವನ್ನು ಇಳಿಜಾರಿಗೆ ತಿರುಗಿಸಿದರು. ಮೇಷ್ಟರು ಕತ್ತು ಹೊರಳಿಸಿ ಕೂತರು. ಮುನಿಲಕ್ಷ್ಮಿ ಕಿಟಕಿಯಿಂದ ತಲೆ ಹೊರಹಾಕಿ "ಎಡಕ್ಕೆ ಸಾರ್, ಸಾಕು, ಇನ್ನ ನೇರ" ಎಂದು ದಾರಿ ಹೇಳತೊಡಗಿದಳು. ಹಿಂದೆ ಕೂತ ಆವುಲಪ್ಪನ ಕಣ್ಣೆದುರು ಅವನ ಊರು ನಿಧಾನವಾಗಿ ಕೆಳಕೆಳಗೆ ಇಳಿಯುತ್ತ ಹೋಯಿತು. ಗೇರು ಗೊಣಗಿತೇ ವಿನಾ ಹಾರಲಿಲ್ಲ. ಮೇಲಿನಿಂದ ಬಂದ ಬಸ್ಸಿನ ಡ್ರೈವರು ಬ್ರೇಕು ಹಾಕಿ, "ಏನ್ ಸಾರ್, ಹತ್ತುತಿದೀರಾ, ಇಳೀತಿದೀರಾ?" ಎಂದು ಕೇಳಿದ.

"ಮುಖ ಇಳೀತೈತೆ, ಕಾರು ಹತ್ತುತೈತೆ. ನೀನು ಸ್ವಲ್ಪ ಜಾಗ ಬಿಡಪ್ಪ" ಎಂದವನು ಆವುಲಪ್ಪ.

ಘಾಟಿಯ ನೆತ್ತಿಯಲ್ಲಿ ರಸ್ತೆ ಸಮವಾಯಿತು. ಕಾರನ್ನು ತಿರುಗಿಸಿ, ಬಿಸಿಯಾದ ಎಂಜಿನ್ ಆರಲೆಂದು ನಿಲ್ಲಿಸಿದರು. ಆವುಲಪ್ಪ ಬೀಡಿ ಹಚ್ಚಿ ಕಾರನ್ನು ಇನ್ನೊಮ್ಮೆ ಸುತ್ತಿ ಬಂದ. ಮುನಿಲಕ್ಷ್ಮಿ ಬ್ಯಾಗನ್ನು ಅಪ್ಪಿ ಹಿಡಿದಿದ್ದಳು.

"ಹತ್ತಿದ್ರೆ ಕಳಿಸ್ತೀನಿ ಅಂದಿದ್ದೆ. ಯಾವ ಕಡೆಯಿಂದ ಅಂತ ಅಂದಿರ್ಲಿಲ್ಲ," ಎಂದ ಕೊನೆಗೆ. ಮಗಳ ಕಡೆ ನೋಡಿ, "ಹೋಗು. ಆ ಸ್ಪ್ರಿಂಗ್ ನೆಟ್ಟಗೆ ಹಾಕಾದು ಕಲ್ತ್ಕೊಂಡೇ ಬಾ" ಎಂದು ಬಸ್ಸಿಗೂ ಕಾಯದೆ ಕಾಲ್ನಡಿಗೆಯಲ್ಲಿ ಇಳಿದು ಹೋದ.

ಮುನಿಲಕ್ಷ್ಮಿ ಈಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ಗೇರ್‌ಬಾಕ್ಸ್ ಜೋಡಣೆಯ ಮೇಲ್ವಿಚಾರಕಿ. ಅವಳ ಕಣ್ತಪ್ಪಿಸಿ ಕುಗ್ಗಿದ ಸ್ಪ್ರಿಂಗೊಂದು ಹೊರಬೀಳುವುದಿಲ್ಲವೆಂದು ಅವಳ ಕೈಕೆಳಗಿನವರು ಗೊಣಗುತ್ತಾರೆ. ಆ ಗೊಣಗಾಟಕ್ಕಿಂತ ಹಿರಿದಾದ ಅಭಿನಂದನೆಯನ್ನು ಜಯರಾಮಯ್ಯನವರಿಗೆ ಅವರ ಗೌರವಾರ್ಥ ಹೊರತಂದ ಈ ಗ್ರಂಥವೂ ಸಲ್ಲಿಸಲಾರದು. ನಿವೃತ್ತಿಯ ನಂತರವೂ ಮನೆಯ ಶೆಡ್ಡಿನಲ್ಲಿ ಭಾನುವಾರದ ಪಾಠ ನಡೆಸುವುದಾಗಿ ಅವರು ಹೇಳಿದ್ದಾರೆ. ಅವರು ಬಿಚ್ಚಲು ಕೊಡುತ್ತಲೇ ಇರಲಿ, ಮಕ್ಕಳು ಕೆಡಿಸಿ ಕೆಡಿಸಿ ಕಲಿಯುತ್ತಲೇ ಇರಲಿ. ಅಷ್ಟೂ ಮಕ್ಕಳ ತಪ್ಪುಗಳನ್ನು ತಾವೇ ಓಡಿಸಿ ನೋಡುವಷ್ಟು ದೀರ್ಘವಾದ ಆಯುಷ್ಯ ಅವರಿಗಿರಲಿ.