ಸಾಹೇಬರಿಗೆ ಸೋಲುವುದನ್ನು ಮರೆತವರು

ಎಪ್ಪತ್ತರ ದಶಕದ ಕೊನೆಯಲ್ಲಿ ರಾಯಚೂರಿನ ಸರ್ಕಾರಿ ಕಚೇರಿಯೊಂದರ ಟೆನಿಸ್ ಅಂಗಳದಲ್ಲಿ ಯಾರು ಗೆಲ್ಲುತ್ತಾರೆಂದು ಯಾರೂ ಪಣ ಕಟ್ಟುತ್ತಿರಲಿಲ್ಲ. ಗೆಲ್ಲುವವರು ದೊಡ್ಡ ಸಾಹೇಬರು. ಎದುರು ಆಡುವವರೆಲ್ಲ ಅವರ ಕೈಕೆಳಗಿನವರು. ಹಾಗಾಗಿ ಬೇವಿನ ಮರದ ಕೆಳಗೆ ಕೂತ ನಾವು ಚಿಲ್ಲರೆ ಸಂಗತಿಗಳಿಗೆ ಪಣ ಕಟ್ಟುತ್ತಿದ್ದೆವು: ಚೆಂಡು ಕಾಂಪೌಂಡ್ ದಾಟುತ್ತದೋ, ಸಾಹೇಬರು ಗೆರೆಯ ಬಗ್ಗೆ ತಕರಾರು ತೆಗೆಯುತ್ತಾರೋ. ಸೋತವರು ಮಿರ್ಚಿ ಭಜಿ ತರಬೇಕು.

ಈ ವಿದ್ಯೆ ಕಲಿಸಿದವನು ಅಣ್ಣ, ಸಾಹೇಬರ ಕಚೇರಿಯ ಗುಮಾಸ್ತ. "ಆಟ ಯಾರರೆ ಗೆಲ್ಲಲಿ, ಅದು ಬ್ಯಾರೆ. ಪಣದಾಗ ಏನು ಮಾತಾಡೀವಿ, ಅಷ್ಟ ಲೆಕ್ಕ," ಅನ್ನುತ್ತಿದ್ದ.

ಆ ವರ್ಷ ದೇವದುರ್ಗದ ಕಡೆಯ ಕಿರಿಯ ಇಂಜಿನಿಯರ್ ಒಬ್ಬರು ಆ ಕಚೇರಿಗೆ ಬಂದರು. ನನ್ನ ಮನಸ್ಸು ಅವರ ಮೇಲೆ ಹೋಯಿತು, ಅವರದು ನನ್ನ ಮೇಲೆ. ಅತ್ತ ಅಪ್ಪ ನನಗೆ ಬಂದಿದ್ದ ಮಾನ್ವಿಯ ಸಂಬಂಧವೊಂದಕ್ಕೆ ಹೂಂ ಅನ್ನುವುದರಲ್ಲಿದ್ದರು. ಅಪ್ಪನ ಮುಂದೆ ನನಗೆ ನಾಲಿಗೆ ಹೊರಳುತ್ತಿರಲಿಲ್ಲ. ನೀನೇ ಹೇಳೆಂದು ಅಣ್ಣನಿಗೆ ದುಂಬಾಲು ಬಿದ್ದೆ.

"ಇವತ್ತು ಅವರಿಗೂ ಸಾಹೇಬ್ರಿಗೂ ಆಟ ಅದ. ಪಣ ಕಟ್ಟು," ಎಂದ.

"ಅವರು ಒಂದರೆ ಡಬಲ್ ಫಾಲ್ಟ್ ಮಾಡ್ತಾರ. ಮಾಡಿದ್ರ ನೀ ಅಪ್ಪಗ ಹೇಳಬೇಕು," ಎಂದೆ.

"ಮಾಡಲಿಲ್ಲಂದ್ರ ನಾ ಬಾಯಿ ಬಿಡಂಗಿಲ್ಲ."

ಒಳಗೊಳಗೇ ಕುಣಿದೆ. ಸರ್ವ್ ಮಾಡಲು ಎರಡು ಅವಕಾಶ. ಎರಡೂ ತಪ್ಪಿದರೆ ಡಬಲ್ ಫಾಲ್ಟ್, ಅಂಕ ಎದುರಿನವರಿಗೆ. ಸಾಹೇಬರಿಗೆ ಮರ್ಯಾದೆಯಾಗಿ ಸೋಲಲು ಎಲ್ಲರೂ ಹಿಡಿಯುತ್ತಿದ್ದ ದಾರಿಯೇ ಅದು. ಅಣ್ಣನಿಗೂ ಇದು ಗೊತ್ತು. ಅಪ್ಪನೆದುರು ಹೋಗಲು ಆ ಪುಕ್ಕಲನಿಗೂ ಒಂದು ನೆಪ ಬೇಕಿತ್ತೆಂದು ಕಾಣುತ್ತದೆ.

ಆದರೆ ನಾನು ಗಿಳಿಹಸಿರು ಸೀರೆ ಉಟ್ಟು ಮುಂದೆಯೇ ಕೂತಿದ್ದೆ. ಅವರು ನನ್ನನ್ನು ನೋಡಿದರು, ಸೋಲಬೇಕೆಂಬುದನ್ನೇ ಮರೆತರು. ಹೊಡೆದ ಸರ್ವ್ ಎಲ್ಲ ಗೆರೆಯೊಳಗೆ. "ತಪ್ಪಿಸಪ್ಪಾ, ಒಂದು ಸಲ ತಪ್ಪಿಸು" ಎಂದು ನಾನು ತುಟಿಯಲ್ಲೇ ಬೇಡಿಕೊಂಡರೆ, ಹುರಿದುಂಬಿಸುತ್ತಿದ್ದೇನೆಂದು ತಿಳಿದು ಇನ್ನೂ ಚೆನ್ನಾಗಿ ಹೊಡೆದರು. ಸಾಹೇಬರು ಸೋತರು. ಚಪ್ಪಾಳೆ ತಟ್ಟಲು ಯಾರಿಗೂ ಧೈರ್ಯವಿಲ್ಲ.

ಇಂಜಿನಿಯರು ಬೆವರೊರೆಸುತ್ತ ನನ್ನ ಬಳಿ ಬಂದು, "ಒಂದೂ ತಪ್ಪಲಿಲ್ಲ ನೋಡ್ರಿ," ಎಂದರು. ಆ ಖುಷಿಯ ಮುಖ ಕಂಡು ನನಗೆ ಅಳುವೂ ಬಂತು, ಮೈಯೆಲ್ಲ ಹೆಮ್ಮೆಯೂ ಆಯಿತು.

ಮನೆಯ ದಾರಿಯಲ್ಲಿ ಅಣ್ಣ ಮುಖ ಸಪ್ಪಗೆ ಮಾಡಿಕೊಂಡಿದ್ದ. "ಸೋತಿ. ನಾ ಅಂತೂ ಹೇಳಂಗಿಲ್ಲ."

ನಡು ರಸ್ತೆಯಲ್ಲೇ ನಿಂತುಬಿಟ್ಟೆ. ಅವನು ಹೇಳುವುದಿಲ್ಲ ಎಂದಷ್ಟೇ ಪಣ. ನಾನು ಹೇಳಬಾರದೆಂದು ಎಲ್ಲಿತ್ತು? ನಗು ತಡೆಯಲಾಗದೆ ಮನೆಗೆ ಓಡಿದೆ. ಅಪ್ಪ ಚಹಾ ಕುಡಿಯುತ್ತಿದ್ದರು. ಆ ಇಂಜಿನಿಯರನ್ನು ಮೆಚ್ಚಿದ್ದೇನೆಂಬುದನ್ನೂ ಆಟದ ಕತೆಯನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅಪ್ಪ ಅದೇ ಕಚೇರಿಯಿಂದ ನಿವೃತ್ತರಾದವರು, ಅದೇ ಅಂಗಳದಲ್ಲಿ ಸಾಹೇಬರುಗಳಿಗೆ ಸೋತವರು. ಚಹಾದ ಬಸಿ ಕೆಳಗಿಟ್ಟರು.

"ಸಾಹೇಬ್ರನ್ನ ಸೋಲಿಸಿದನಾ?"

"ಹೂಂ ಯಪ್ಪಾ."

ಹೆಗಲು ಕುಣಿಯುವಂತೆ ನಕ್ಕರು. "ನನ್ನ ಕೈಲೆ ಒಂದಿನಾನೂ ಆಗಲಿಲ್ಲ ನೋಡವ್ವಾ. ನಾಳಿ ಚಹಾಕ್ಕ ಕರಿ ಅವನ್ನ. ಮಾನ್ವಿಯವರಿಗೆ ಬ್ಯಾಡಂತ ನಾ ಹೇಳ್ತೀನಿ."

ಪಣ ಗೆದ್ದಿದ್ದ ಅಣ್ಣನೇ ಮಿರ್ಚಿ ಭಜಿ ತರಲು ಓಡಿದ.