ಲಾಲ್ ಸಾಬನ ಹೆಸರಿನ ಕಾರು

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಮೊದಲು ಹೇಳಿದವನು ಖಂಡಿತ ಆರ್‌ಟಿಒ ಕಚೇರಿ ಎದುರು ಕೂತವನೇ ಇರಬೇಕು. ನಾನು ರಾಯಚೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಗೆ ಕೂತಿದ್ದೇನೆ. ಬೇವಿನ ಮರದ ಕೆಳಗೆ ಒಂದು ಟೇಬಲ್ಲು, ಎರಡು ಕುರ್ಚಿ. ಹೆಸರು ಚನ್ನವೀರ, ಕಸುಬು ಏಜೆಂಟಗಿರಿ. ಅರ್ಜಿ ತುಂಬುವಾಗ ವಯಸ್ಸು ಕೇಳುತ್ತೇನೆ, ಕಸುಬು ಕೇಳುತ್ತೇನೆ, ಉಳಿದದ್ದು ಕೇಳದೆಯೇ ಗೊತ್ತಾಗುತ್ತದೆ. ಇಪ್ಪತ್ತೈದರ ಹುಡುಗ ಉದ್ದನೆಯ ಕಾರಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ಬೈಕಿನ ಲೈಸನ್ಸಿಗೆ ಬರುತ್ತಾನೆ. ಆ ಕಾರು ನಿಜಕ್ಕೂ ಮನೆಗೆ ಬರುವುದು ಅರವತ್ತು ದಾಟಿದ ಮೇಲೆ. ಅಷ್ಟರಲ್ಲಿ ಮೊಣಕಾಲು ಬ್ರೇಕ್ ತುಳಿಯಲು ಒಲ್ಲೆ ಅನ್ನುತ್ತದೆ, ಸಾಹುಕಾರ ಹಿಂದಿನ ಸೀಟಿನಲ್ಲಿ ಕೂರುತ್ತಾನೆ. ಹೀಗಾಗಿ ನಮ್ಮ ಕಡೆ ದುಬಾರಿ ಕಾರು ಓಡಿಸುವವರೆಲ್ಲ ಬಡವರು. ನಂಬದಿದ್ದರೆ ಯಾವುದಾದರೂ ಕಲ್ಯಾಣ ಮಂಟಪದ ಮುಂದೆ ನಿಂತು ಸ್ಟೇರಿಂಗ್ ಹಿಡಿದವರ ಸಂಬಳ ಕೇಳಿ ನೋಡಿ.

ಲಾಲ್ ಸಾಬ್ ಅಂಥವನು. ಗಿಲ್ಲೆಸುಗೂರಿನವನು, ಈಗ ಐವತ್ತೇಳು. ಹದಿನೇಳಕ್ಕೆ ಲಾರಿ ಕ್ಲೀನರ್ ಆದ, ಆಮೇಲೆ ಭತ್ತದ ಲಾರಿ ಓಡಿಸಿದ. ಮಾನ್ವಿಯ ಅಕ್ಕಿ ಗಿರಣಿ ಸಾಹುಕಾರ ವಿರೂಪಣ್ಣನ ಬಳಿ ಮೂವತ್ತು ವರ್ಷ. ತಿಂಗಳಿಗೆ ಹದಿನಾಲ್ಕು ಸಾವಿರ. ಕಾರು ಹತ್ತುವಾಗ ಚಪ್ಪಲಿ ಬಿಡುತ್ತಿದ್ದ. ಯಾಕೋ ಮಾರಾಯ, ಇದೇನು ದರ್ಗಾನೇ ಎಂದು ನಾನು ಚೇಷ್ಟೆ ಮಾಡಿದರೆ, "ಪೆಡಲ್ ಕಾಲಿಗೆ ಹತ್ತಬೇಕು, ಚಪ್ಪಲಿಗಲ್ಲ" ಅನ್ನುತ್ತಿದ್ದ. ಹಾರ್ನ್ ಹೊಡೆಯುವುದನ್ನು ಅವಮಾನ ಎಂದುಕೊಂಡಿದ್ದ ಮನುಷ್ಯ.

ಮೂರು ವರ್ಷದ ಹಿಂದೆ ವಿರೂಪಣ್ಣ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಐಷಾರಾಮಿ ಸೆಡಾನ್ ಒಂದನ್ನು ತಂದ. ಸೆಕೆಂಡ್ ಹ್ಯಾಂಡ್ ಆದರೂ ನಲವತ್ತು ಲಕ್ಷ. ಆಗ ಅವನ ವಯಸ್ಸು ಅರವತ್ತಾರು. ಕಾಗದಪತ್ರ ಹಿಡಿದು ಇಬ್ಬರೂ ನನ್ನ ಟೇಬಲ್ಲಿಗೆ ಬಂದರು.

"ಯಾರ ಹೆಸರಿಗೆ ಮಾಡ್ಲಿ ಸಾವ್ಕಾರ್ರ?"

"ಲಾಲ್ ಸಾಬನ ಹೆಸರಿಗೆ ಮಾಡು."

ಕೆಲವು ಸಾಹುಕಾರರಲ್ಲಿ ಇದೊಂದು ಹಳೆಯ ರೂಢಿ. ಹೊಲ ಅಳಿಯನ ಹೆಸರಿಗೆ, ಲಾರಿ ಮುನೀಮನ ಹೆಸರಿಗೆ, ಕಾರು ಡ್ರೈವರನ ಹೆಸರಿಗೆ. ಇನ್‌ಕಮ್ ಟ್ಯಾಕ್ಸಿನವರು ಬಂದರೆ ಸಾಹುಕಾರನ ಹೆಸರಿನಲ್ಲಿ ಒಂದು ಊದುಬತ್ತಿ ಸ್ಟ್ಯಾಂಡೂ ಸಿಗಬಾರದು. ನಾನೂ ಏನೂ ಕೇಳಲಿಲ್ಲ. ಮಾಲೀಕರ ಹೆಸರು: ಲಾಲ್ ಸಾಬ್. ವಯಸ್ಸು ಐವತ್ತನಾಲ್ಕು. ಬರೆದೆ, ಸಹಿ ಮಾಡಿಸಿದೆ, ನನ್ನ ಕೂಲಿ ತಗೊಂಡೆ.

ಆರ್‌ಸಿ ಕಾರ್ಡ್ ಕೈಗೆ ಬಂದ ದಿನ ಲಾಲ್ ಸಾಬ್ ಅದನ್ನು ಮನೆಗೆ ಒಯ್ದು ಹೆಂಡತಿ ಅಸ್ಮತ್‌ಗೆ ತೋರಿಸಿದನಂತೆ. ಆಕೆ ತಿರುಗಿಸಿ ತಿರುಗಿಸಿ ನೋಡಿ, "ಮಾಲೀಕರ, ಸಂಜಿಗಿ ಬರೂ ಮುಂದ ಎರಡು ಕಟ್ಟು ಕೊತ್ತಂಬ್ರಿ ತರ್ರಿ" ಅಂದಳಂತೆ. ಅದನ್ನು ಹೇಳಿ ಹೇಳಿ ನಗುತ್ತಿದ್ದ.

ಹೋದ ವರ್ಷ ಒಂದು ಲಗ್ನಕ್ಕೆ ವಿರೂಪಣ್ಣನನ್ನು ದೇವದುರ್ಗಕ್ಕೆ ಕರೆದುಕೊಂಡು ಹೋಗಿದ್ದಾಗ ಲಾಲ್ ಸಾಬನಿಗೆ ಫೋನ್ ಬಂತು. ಅಸ್ಮತ್ ಉಸಿರು ಸಿಗದೆ ಅಡಿಗೆ ಮನೆಯಲ್ಲೇ ಬಿದ್ದಿದ್ದಳು. ಓಡಿಹೋಗಿ ಸಾಹುಕಾರನಿಗೆ ಹೇಳಿದ. ಸಾಹುಕಾರ ಪಂಕ್ತಿಯಲ್ಲಿ ಕೂತಿದ್ದ. "ಹೋಗೂಣು ತಡಿ, ಈಗರೆ ಹೋಳಿಗಿ ಬಡಸ್ಯಾರ" ಅಂದ. ಹೋಳಿಗೆ ಆಯಿತು, ಎಲೆ ಅಡಿಕೆ ಆಯಿತು, ಬೀಗರ ಜತೆ ಫೋಟೋ ಆಯಿತು. ಮಾಲೀಕನ ಹೆಸರು ಕಿಸೆಯಲ್ಲಿಟ್ಟುಕೊಂಡು ಲಾಲ್ ಸಾಬ್ ಎರಡು ತಾಸು ಕಾರಿನ ಪಕ್ಕ ನಿಂತಿದ್ದ.

ಆಕೆಯ ಹೃದಯದ ಒಂದು ಕವಾಟ ಕೆಟ್ಟಿದೆ, ಎರಡು ತಿಂಗಳೊಳಗೆ ಆಪರೇಶನ್ ಆಗಬೇಕು ಎಂದರು ಡಾಕ್ಟರು. ಬಿಪಿಎಲ್ ಕಾರ್ಡ್ ಇದ್ದರೆ ಒಂದು ಪೈಸೆ ಖರ್ಚಿಲ್ಲ, ಇಲ್ಲದಿದ್ದರೆ ನಾಲ್ಕು ಲಕ್ಷ. ಕಾರ್ಡ್ ಇತ್ತಲ್ಲ ಎಂಬ ಧೈರ್ಯದಲ್ಲಿ ಲಾಲ್ ಸಾಬ್ ಆಸ್ಪತ್ರೆಯ ಕೌಂಟರಿನಲ್ಲಿ ನಂಬರ್ ಕೊಟ್ಟ. ಕಂಪ್ಯೂಟರು ರದ್ದಾಗಿದೆ ಎಂದಿತು.

ಆಹಾರ ಇಲಾಖೆಯ ಕಚೇರಿಗೆ ನಾನೂ ಜತೆಗೆ ಹೋದೆ. ಅಲ್ಲಿನ ಗುಮಾಸ್ತ ಹನುಮಂತರಾಯ ಕೆಟ್ಟವನಲ್ಲ, ಅವನ ಮುಂದಿನ ಪರದೆ ಹೇಳಿದ್ದನ್ನು ಅವನು ಹೇಳಿದ.

"ನಿಮ್ಮ ಹೆಸರಿಗಿ ನಾಲ್ಕು ಗಾಲಿ ಗಾಡಿ ಅದ. ಕಾರ್ಡ್ ತಾನ ರದ್ದಾಗೇದ."

"ಸಾಹೇಬ್ರ, ಅದು ನಂದಲ್ರಿ. ನಾ ಬರೇ ಓಡಸ್ತೀನ್ರಿ."

"ಕಾರಿನ ಮಾಲೀಕರು ಓಡಸದ ಮತ್ತೇನು ಹೆಗಲ ಮ್ಯಾಲ ಹೊತ್ಕೊಂಡು ತಿರಗ್ತಾರೇನ್ರೀ? ಈಗ ಇಲ್ಲಿಗಿ ಹ್ಯಾಂಗ ಬಂದ್ರಿ?"

ಲಾಲ್ ಸಾಬ್ ಕಿಟಕಿಯ ಹೊರಗೆ ನೋಡಿದ. ಸಾಹುಕಾರನನ್ನು ಬ್ಯಾಂಕಿಗೆ ಬಿಟ್ಟು ಅರ್ಧ ತಾಸು ಬಿಡುವು ಮಾಡಿಕೊಂಡು ಬಂದಿದ್ದ. ನಲವತ್ತು ಲಕ್ಷದ ಕಾರು ಕಚೇರಿಯ ಗೇಟಿನಲ್ಲಿ ಫಳಫಳ ಹೊಳೆಯುತ್ತಿತ್ತು. ಸರದಿಯಲ್ಲಿದ್ದ ಹೆಣ್ಣುಮಕ್ಕಳು ಒಮ್ಮೆ ಕಾರನ್ನು, ಒಮ್ಮೆ ಅವನನ್ನು ನೋಡಿದರು. ಒಬ್ಬಾಕೆ, "ಇಂಥವರಿಂದನ ನಮಗ ಅಕ್ಕಿ ಸಾಲಾಕತ್ತಿಲ್ಲ ಯವ್ವಾ" ಅಂದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಹೆಸರನ್ನು ಬರೆದ ಕೈ ನನ್ನದು.

ಗಾಡಿ ಬೇರೆ ಹೆಸರಿಗೆ ಹೋದರೆ ಕಾರ್ಡ್ ಮತ್ತೆ ಚಾಲೂ ಮಾಡಿಕೊಡುತ್ತೇನೆ ಎಂದು ಹನುಮಂತರಾಯ ಹೇಳಿದ. ಲಾಲ್ ಸಾಬ್ ಅಂದೇ ಸಾಹುಕಾರನ ಕೈಕಾಲು ಹಿಡಿದ. "ಮಾರ್ಚ್ ಮುಗೀಲಿ, ನೋಡೂಣು" ಅಂದ ವಿರೂಪಣ್ಣ. ಮಾರ್ಚಿಗೆ ಇನ್ನೂ ಐದು ತಿಂಗಳಿತ್ತು. ಮಗನ ಹೆಸರಿಗೆ ಮಾಡಿದರೆ ಟ್ಯಾಕ್ಸಿನವರ ನೋಟಿಸು, ಹೆಂಡತಿ ಹಂಪಮ್ಮನ ಹೆಸರಿಗೆ ಮಾಡಿದರೂ ನೋಟಿಸು, ಸಂಕಟ ಅವನಿಗೂ ಇತ್ತಪ್ಪ, ಇಲ್ಲ ಅನ್ನುವುದಿಲ್ಲ.

ಒಂದು ತಿಂಗಳು ಹೀಗೇ ಹೋಯಿತು. ಅಸ್ಮತ್ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ ವಿರೂಪಣ್ಣ ಭಾರಿ ಖುಷಿಯಿಂದ ನನ್ನ ಟೇಬಲ್ಲಿಗೆ ಬಂದ. ಜತೆಗೆ ಲಾಲ್ ಸಾಬ್, ಮತ್ತು ಗಿರಣಿಯ ಟ್ರ್ಯಾಕ್ಟರ್ ಓಡಿಸುವ ಮುಜಾಹಿದ್.

"ಹಾದಿ ಸಿಕ್ಕತು ನೋಡು ಚನ್ನವೀರ. ಇವನ ಹೆಸರಿಗಿ ಮಾಡಿಬಿಡು."

ಮುಜಾಹಿದನಿಗೆ ಇಪ್ಪತ್ತೆಂಟು. ಅವನ ಮುಖ ನೋಡಬೇಕಿತ್ತು. ಆಗಲೇ ಕಾರಿಗೆ ಒರಗಿ ನಿಂತು ನಾಲ್ಕು ಫೋಟೋ ತೆಗೆಸಿಕೊಂಡಿದ್ದ. ಲಾಲ್ ಸಾಬ್ ಮಾರುವವನ ಜಾಗದಲ್ಲಿ ಸಹಿ ಹಾಕಿದ. ಪೆನ್ನು ಹುಡುಗನಿಗೆ ಕೊಡಲು ಹೋದವನು ಕೈ ಹಿಂದಕ್ಕೆ ತಗೊಂಡ.

"ನಿಮ್ಮ ಮನ್ಯಾಗ ಯಾವ ಕಾರ್ಡ್ ಅದಪ್ಪ?"

"ಬಿಪಿಎಲ್ ರೀ ಚಾಚಾ. ಯಾಕ್ರಿ?"

"ಅಮ್ಮಾಜಾನ್‌ಗ ಡಯಾಲಿಸಿಸ್ ಎಲ್ಲಿ ಮಾಡಸ್ತಿ?"

"ಸರಕಾರಿ ದವಾಖಾನ್ಯಾಗ. ಕಾರ್ಡಿನ ಮ್ಯಾಲ."

ವಿರೂಪಣ್ಣ ಸಿಡುಕಿದ. "ಲೇ, ಹುಡುಗ ತಾನ ಒಪ್ಯಾನ, ನಿನಗ್ಯಾಕಲೇ ಊರ ಉಸಾಬರಿ? ನಿನ್ನ ಹೆಂಡ್ತಿ ಉಳೀಬೇಕೋ ಬ್ಯಾಡೋ?"

ನಾನು ಲಾಲ್ ಸಾಬನ ಕಡೆ ನೋಡಲಾಗದೆ ಸ್ಟ್ಯಾಂಪ್ ಪ್ಯಾಡ್ ಸರಿಸುತ್ತ ಕೂತೆ. ಹುಡುಗ ಸಹಿ ಹಾಕಿದ್ದರೆ ಹದಿನೈದು ದಿನದಲ್ಲಿ ಅಸ್ಮತ್ ಆಪರೇಶನ್ ಆಗುತ್ತಿತ್ತು. ನಾನಾಗಿದ್ದರೆ ಹಾಕಿಸಿಬಿಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

"ಮುಜಾಹಿದ್, ಗಿರಣಿಗಿ ನಡಿ" ಅಂದ ಲಾಲ್ ಸಾಬ್. ನನಗೆ, "ಚನ್ನವೀರಪ್ಪ, ನಂದು ಸಹಿ ಆಗೇದ. ತಗೊಳ್ಳಾವರ ಹೆಸರು ನೀ ಬರಕೋ. ಬಡವರ ಹೆಸರೊಂದು ಬರೀಬ್ಯಾಡ" ಅಂದ. ಆಮೇಲೆ ಮೂವತ್ತು ವರ್ಷದಲ್ಲಿ ಮಾಡದ ಕೆಲಸ ಮಾಡಿದ. ಸಾಹುಕಾರನನ್ನು ಅಲ್ಲೇ ಬಿಟ್ಟು, ಚಪ್ಪಲಿ ಸಮೇತ ಕಾರು ಹತ್ತಿ, ಉದ್ದಕ್ಕೂ ಹಾರ್ನ್ ಹೊಡೆಯುತ್ತ ಹೊರಟುಹೋದ.

ವಿರೂಪಣ್ಣನ ಬಾಯಿಂದ ಬಂದ ಬೈಗುಳವನ್ನು ಇಲ್ಲಿ ಬರೆಯಲು ಆಗುವುದಿಲ್ಲ. ಕಾರು ಲಾಲ್ ಸಾಬನ ಮನೆ ಮುಂದೆ, ಓಣಿಗೆ ಓಣಿಯನ್ನೇ ತುಂಬಿಕೊಂಡು ನಿಂತಿದೆ ಎಂಬ ಸುದ್ದಿ ಬಂದದ್ದೇ, "ನಡಿಯೋ ಸ್ಟೇಶನ್ನಿಗಿ, ಕಳವಿನ ಕೇಸ್ ಹಾಕತೀನಿ" ಎಂದು ನನ್ನನ್ನು ಆಟೋ ಹತ್ತಿಸಿದ. ಆಟೋದಲ್ಲಿ ಅವನ ಮೊಣಕಾಲು ಮಡಚಲಿಲ್ಲ, ಒಂದು ಕಾಲು ಹೊರಗೇ ಇಟ್ಟುಕೊಂಡು ಕೂತ.

ಸಬ್ ಇನ್‌ಸ್ಪೆಕ್ಟರ್ ಎಲ್ಲವನ್ನೂ ಸಮಾಧಾನದಿಂದ ಕೇಳಿದ.

"ಗಾಡಿ ಯಾರ ಹೆಸರಿಗಿ ಅದ್ರಿ?"

"ಲಾಲ್ ಸಾಬನ ಹೆಸರಿಗಿ."

"ಅಂದ್ರ ಲಾಲ್ ಸಾಬ್ ತನ್ನ ಕಾರು ತನ್ನ ಮನಿಗಿ ತಗೊಂಡು ಹೋಗ್ಯಾನ. ಇದ್ರಾಗ ಕಳವು ಎಲ್ಲಿ ಅದರೀ?"

"ರೊಕ್ಕ ನಂದ್ರಿ! ನಲವತ್ತು ಲಕ್ಷ ಕೊಟ್ಟೀನಿ!"

"ಹೌದಾ? ಹಂಗಾದ್ರ ಬರದು ಕೊಡ್ರಿ. ನಲವತ್ತು ಲಕ್ಷ, ಯಾವಾಗ ಕೊಟ್ಟ್ರಿ, ಎಲ್ಲಿಂದ ಬಂತು. ಎಲ್ಲಾ ಬರೀರಿ."

ಬಿಳಿ ಹಾಳೆ ಮುಂದೆ ಬಂತು. ಕಳ್ಳನಿಗೆ ಚೇಳು ಕುಟುಕಿದಂತೆ ಎಂಬ ಮಾತು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ವಿರೂಪಣ್ಣ ಹಾಳೆಯನ್ನು ವಾಪಸ್ ಅವನ ಕಡೆಗೇ ಸರಿಸಿದ. ಆಮೇಲೆ ಎದ್ದು, "ಅವಂದ ಬಿಡ್ರಿ ಕಾರು. ನಾ ಸುಮ್ನ ಕೇಳಾಕ ಬಂದಿದ್ದೆ" ಅಂದ.

ಮನೆಯಲ್ಲಿ ಸುದ್ದಿ ಹಂಪಮ್ಮನ ಕಿವಿಗೆ ಬಿದ್ದು ಅಲ್ಲಿ ಏನಾಯಿತೋ ನನಗೆ ತಿಳಿಯದು. ಮೂರನೆಯ ದಿನ ಸಾಹುಕಾರ ಬಂದು ಸ್ವಂತ ಹೆಸರಿಗೇ ಸಹಿ ಹಾಕಿದ. ಹೆಸರು ವಿರೂಪಣ್ಣ, ವಯಸ್ಸು ಅರವತ್ತೆಂಟು. ಪೆನ್ನನ್ನು ಟೇಬಲ್ಲಿನ ಮೇಲೆ ಎಸೆದು, "ಕೀಲಿ ಕೊಟ್ಟು ಹೋಗಂತ ಹೇಳು ಅವಂಗ. ನನ್ನ ಗಿರಣಿ ಕಡಿ ಮಾರಿ ತೋರಸಬಾರದು" ಅಂದ. ಮೂವತ್ತು ವರ್ಷದ ನೌಕರಿ ಆ ಒಂದು ಮಾತಿನಲ್ಲಿ ಮುಗಿಯಿತು. ಲಾಲ್ ಸಾಬ್ ಕಾರನ್ನು ತೊಳೆದು, ಒರೆಸಿ, ಕೀಲಿ ನನ್ನ ಕೈಗೆ ಕೊಟ್ಟ.

ಕಾರ್ಡ್ ಚಾಲೂ ಆಯಿತು. ಆಸ್ಪತ್ರೆಯಲ್ಲಿ ಅರ್ಜಿಯನ್ನು ನಾನೇ ತುಂಬಿದೆ. ಗಂಡನ ಉದ್ಯೋಗ: ಇಲ್ಲ. ವಾರ್ಷಿಕ ಆದಾಯ: ಇಲ್ಲ. ವಾಹನ: ಇಲ್ಲ. ಕೌಂಟರಿನ ಹುಡುಗಿ ಓದಿ, "ಎಲ್ಲಾ ಸರಿ ಅದ್ರಿ, ಈಗ ಏನೂ ತೊಂದ್ರಿ ಇಲ್ಲ" ಎಂದು ನಕ್ಕಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದಳು.

ಆಪರೇಶನ್ ಚೆನ್ನಾಗಿ ಆಯಿತು. ಮನೆಗೆ ಕಳಿಸುವ ದಿನ ನಾನೂ ಹೋಗಿದ್ದೆ. ಅಸ್ಮತ್ ಮಂಚದ ಮೇಲೆ ಕೂತಿದ್ದಳು, ಮುಖಕ್ಕೆ ಕಳೆ ಬಂದಿತ್ತು. ಲಾಲ್ ಸಾಬ್ ಚೀಲ ಕಟ್ಟಿ ಹೋಗೋಣವೇ ಎಂದಾಗ ಆಕೆ ಥಟ್ಟನೆ ಅವನ ತೋಳು ಹಿಡಿದಳು. ಕಣ್ಣಲ್ಲಿ ದಿಗಿಲು.

"ಹೊರಗ ಏನು ತಂದು ನಿಲ್ಸೀರಿ? ಕಾರ್ ಏನು?"

"ಇಲ್ಲ ಮಾರಾಯ್ತಿ. ಬಸ್ಸಿಗಿ ಹೋಗೂದು."

ಅಸ್ಮತ್ ಹಿಡಿದಿದ್ದ ತೋಳು ಬಿಟ್ಟಳು. ಅಲ್ಹಮ್ದುಲಿಲ್ಲಾ ಅಂದಳು.