ಜುಂಜಮ್ಮನವರು ಬೆಳ್ಳಗೆ ಮಾಡಿದ ನಲವತ್ತು ಹಲ್ಲುಗಳು

ಜುಂಜಮ್ಮನವರು ಚಳ್ಳಕೆರೆಯಲ್ಲಿ ನಮ್ಮ ಮನೆಯ ಪಕ್ಕದ ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಅವರ ಊರು ಮೊಳಕಾಲ್ಮುರು. ಅಲ್ಲಿ ಇಪ್ಪತ್ತು ವರ್ಷ ರೇಷ್ಮೆ ನೂಲನ್ನು ಸೋಪು, ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಅಂಟು ಬಿಡಿಸುವ ಕೆಲಸ ಮಾಡಿದ್ದರು. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಹಲ್ಲಿನ ಡಾಕ್ಟರ್ ಶೈಲಜಾ ಅವರ ಕ್ಲಿನಿಕ್ಕಿಗೆ ಸೇರಿದರು. ದಿನವೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಆ ಡಾಕ್ಟರ್ ಒಬ್ಬರೇ.

೧೯೯೯ರಲ್ಲಿ ಡಾಕ್ಟರು ದಾವಣಗೆರೆಯ ಹಲ್ಲಿನ ಕಾಲೇಜಿನಲ್ಲಿ ಮಾಡುವ ಒಂದು ಪರೀಕ್ಷೆಗಾಗಿ ಕಿತ್ತ ಹಲ್ಲುಗಳನ್ನು ಕೂಡಿಡಲು ಹೇಳಿದರು. ಯಾವ ಪರೀಕ್ಷೆ ಎಂದು ಹೇಳಲಿಲ್ಲ, ಇವರೂ ಕೇಳಲಿಲ್ಲ. ಒಂದೊಂದು ಹಲ್ಲಿಗೆ ಒಂದೊಂದು ಸಣ್ಣ ಬಾಟಲಿ, ಮೇಲೆ ಹೆಸರಿನ ಚೀಟಿ, ಒಳಗೆ ಉಪ್ಪುನೀರು. ವಾರಕ್ಕೊಮ್ಮೆ ಆ ನೀರನ್ನು ಬದಲಿಸಬೇಕು. ನನ್ನಿವಾಳದ ಪಾತಣ್ಣ ತನ್ನ ದವಡೆ ಹಲ್ಲಿನ ಬಾಟಲಿ ನೋಡಿ, "ಇದು ಕಾಲೇಜಿಗೆ ಹೋಗ್ತೈತೇನವ್ವ? ನಾನೇ ಮೂರನೇ ಕ್ಲಾಸ್ ದಾಟಲಿಲ್ಲ" ಎಂದಿದ್ದನಂತೆ. ಎಂಟು ತಿಂಗಳಲ್ಲಿ ನಲವತ್ತು ಹಲ್ಲುಗಳಾದವು. ಯಾವುದು ಯಾರದೆಂದು ಜುಂಜಮ್ಮನವರಿಗೆ ಚೀಟಿ ನೋಡದೆಯೂ ಗೊತ್ತಿತ್ತು.

ಸೋಮವಾರ ಡಾಕ್ಟರು ಅವನ್ನು ದಾವಣಗೆರೆಗೆ ಒಯ್ಯುವವರಿದ್ದರು. ಭಾನುವಾರ ಕ್ಲಿನಿಕ್ ಮುಚ್ಚಿತ್ತು. ಜುಂಜಮ್ಮನವರು ಬೀಗ ತೆಗೆದು ಒಳಗೆ ಹೋಗಿ ಬಾಟಲಿಗಳನ್ನು ನೋಡಿದರು. ಹಲ್ಲುಗಳ ಮೇಲೆ ಎಲೆಅಡಿಕೆಯ ಕರೆ, ಬೀಡಿಯ ಹಳದಿ. ಅಂಟು ಬಿಡಿಸದ ನೂಲನ್ನು ಅವರು ಯಾವತ್ತೂ ಯಾರ ಮುಂದೆಯೂ ಇಟ್ಟವರಲ್ಲ. ಹಲ್ಲಿನ ಬೇರಿನ ಒಳಗನ್ನು ತೊಳೆಯಲು ಡಾಕ್ಟರು ಬಳಸುವ, ಬ್ಲೀಚಿಂಗ್ ಪುಡಿಯ ವಾಸನೆಯ ಔಷಧಿಯನ್ನು ನಲವತ್ತು ಬಾಟಲಿಗಳಿಗೂ ಹುಯ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದರು. ಆಮೇಲೆ ಮತ್ತೆ ಉಪ್ಪುನೀರು ತುಂಬಿದರು.

ಮರುದಿನ ಬೆಳ್ಳಗಾದ ಹಲ್ಲುಗಳನ್ನು ನೋಡಿ, ನೀರಿನಲ್ಲಿ ತಿಕ್ಕಿ ತೊಳೆದದ್ದೆಂದುಕೊಂಡು ಡಾಕ್ಟರಿಗೆ ತುಂಬಾ ಸಂತೋಷವಾಯಿತು. ಬಾಟಲಿಗಳನ್ನು ಪೆಟ್ಟಿಗೆಗೆ ಜೋಡಿಸುತ್ತಾ ಅಂದೇ ಮೊದಲ ಬಾರಿಗೆ ಪರೀಕ್ಷೆಯ ವಿಷಯ ಹೇಳಿದರು. ಬೇರು ತೊಳೆಯುವ ಔಷಧಿಯಿಂದ ಹಲ್ಲಿನ ಒಳಗೋಡೆ ಎಷ್ಟು ಮೆತ್ತಗಾಗುತ್ತದೆ ಎಂದು ನೋಡಬೇಕಂತೆ. ಅಲ್ಲಿನ ಯಂತ್ರ ಒಂದು ಚೂಪು ಮೊನೆಯನ್ನು ಒತ್ತುತ್ತದೆ, ಬಿದ್ದ ಗುರುತನ್ನು ಅಳೆಯುತ್ತಾರೆ. ಅದಕ್ಕೆ ಔಷಧಿ ಸೋಕದ ಹಲ್ಲುಗಳೇ ಬೇಕು.

ಸೋಡಾದಲ್ಲಿ ಹೆಚ್ಚು ಹೊತ್ತು ಬಿಟ್ಟ ನೂಲು ಚೆನ್ನಾಗಿ ಹೊಳೆಯುತ್ತದೆ, ಮಗ್ಗಕ್ಕೆ ಏರಿಸಿದಾಗ ತುಂಡಾಗುತ್ತದೆ. ಜುಂಜಮ್ಮನವರಿಗೆ ಅದು ನೆನಪಾಯಿತು. ಹೇಳದಿದ್ದರೆ ಪರೀಕ್ಷೆ ಸುಳ್ಳಾಗುತ್ತದೆ. ಹೇಳಿದರೆ ಈ ಕೆಲಸ ಉಳಿಯುತ್ತದೋ ಇಲ್ಲವೋ. ಡಾಕ್ಟರು ಪೆಟ್ಟಿಗೆ ಎತ್ತಿಕೊಂಡು ಆಟೋ ಹತ್ತಿದರು. ಜುಂಜಮ್ಮನವರು ಹಿಂದೆಯೇ ಬಂದು ಆಟೋದ ಕಂಬಿ ಹಿಡಿದುಕೊಂಡರು.

"ಡಾಕ್ಟ್ರೇ, ನಾನು ಅವನ್ನ ನೀರಾಗೆ ತೊಳ್ದಿಲ್ಲ. ಆ ಔಷಧಿಯಾಗೇ ಇಟ್ಟಿದ್ದೆ, ಒಂದು ಹಗಲು."

"ನಲವತ್ತನ್ನೂನಾ?"

"ಒಂದನ್ನೂ ಬಿಟ್ಟಿಲ್ಲ ರೀ."

ಡಾಕ್ಟರು ಬಯ್ಯಲಿಲ್ಲ. ಇಳಿದು ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದರು.

ಕೆಲಸ ಹೋಗಲಿಲ್ಲ. ಹಲ್ಲು ಕೂಡಿಡುವುದು ಮೊದಲಿನಿಂದ ಶುರುವಾಯಿತು. ಆದರೆ ಹೊಸ ಬಾಟಲಿಗಳು ಡಾಕ್ಟರ ಕಪಾಟಿಗೆ ಹೋದವು, ಅವುಗಳ ನೀರನ್ನು ಡಾಕ್ಟರೇ ಬದಲಿಸತೊಡಗಿದರು. ಕ್ಲಿನಿಕ್ಕಿನ ಬೀಗದ ಕೈಯನ್ನೂ ತಮ್ಮ ಹತ್ತಿರವೇ ಇಟ್ಟುಕೊಂಡರು.

ಹಳೆಯ ನಲವತ್ತನ್ನು ಎಸೆಯಲು ಹೇಳಿದ್ದರು. ಅವು ಇವತ್ತಿಗೂ ಜುಂಜಮ್ಮನವರ ಕೋಣೆಯ ಕಿಟಕಿಯಲ್ಲಿ ಸಾಲಾಗಿವೆ. ಪ್ರತಿ ಭಾನುವಾರ ಅವರು ಒಂದೊಂದೇ ಮುಚ್ಚಳ ತೆಗೆದು ಹೊಸ ಉಪ್ಪುನೀರು ಹಾಕುವುದು ನಮ್ಮ ಬಾಗಿಲಿನಿಂದ ಕಾಣುತ್ತದೆ.